ಬಿಪಿ ಗುಳಿಗೆ: ಸವಡಿಯ ಹಿರಿಯರ ಆಕ್ಷೇಪಗಳಿಗೆ ಉತ್ತರ

ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಬಿಪಿ ಗುಳಿಗೆ ನುಂಗುವವರು ಬೇರೆ ಯಾವ ಔಷಧಿ ತೆಗೆದುಕೊಳ್ಳುವ ಮುಂಚೆಯೂ ಈ ಗುಳಿಗೆಯ ಹೆಸರನ್ನು ವೈದ್ಯರಿಗೆ ಹೇಳಬೇಕು ಎಂಬುದು ನನ್ನ ವಾದ. ಸವಡಿಯ ಹಿರಿಯರು ಇದನ್ನು ಒಪ್ಪುತ್ತಿಲ್ಲ.

"ಮೊಣಕಾಲ ನೋವಿನ ಗುಳಿಗಿ ಊರೆಲ್ಲ ನುಂಗತೈತಿ, ಏನೂ ಆಗಂಗಿಲ್ಲ." ಒಂದೆರಡು ದಿನಕ್ಕೆ ಆಗಲಿಕ್ಕಿಲ್ಲ. ಆದರೆ ಉಳ್ಳಾಗಡ್ಡಿ ಕೀಳುವ ಹಂಗಾಮಿನುದ್ದಕ್ಕೂ ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗಿದರೆ ಮೈಯಲ್ಲಿ ಉಪ್ಪು, ನೀರು ನಿಂತು ಬಿಪಿ ಏರುತ್ತದೆ. ಆಮೇಲೆ ಬಿಪಿ ಗುಳಿಗೆಯೇ ನಾಟುತ್ತಿಲ್ಲ ಎಂದು ದೂರುತ್ತೇವೆ.

"ಕಣ್ಣಿನ ಹನಿ ಕಣ್ಣಾಗ ಇರತೈತಿ." ಇರುವುದಿಲ್ಲ. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕೂಡ ಬೀಟಾ ಬ್ಲಾಕರ್. ಅದು ಮೂಗಿಗಿಳಿದು ರಕ್ತ ಸೇರುತ್ತದೆ, ನಾಡಿಯನ್ನು ಇನ್ನಷ್ಟು ನಿಧಾನ ಮಾಡಬಲ್ಲದು, ದಮ್ಮು ಇದ್ದವರಿಗೆ ಉಸಿರು ಕಟ್ಟಿಸಬಲ್ಲದು.

"ಎಲ್ಲಾ ಡಾಕ್ಟರೇ ಬರದಾರ." ಬರೆದವರು ಒಬ್ಬರಲ್ಲವಲ್ಲ! ರೋಣದಲ್ಲಿ ಒಬ್ಬರು, ಗದಗದಲ್ಲಿ ಇನ್ನೊಬ್ಬರು; ಹಳೆಯ ಚೀಟಿ ಮನೆಯಲ್ಲೇ ಉಳಿದಿರುತ್ತದೆ. ವೆರಾಪಮಿಲ್ ಅಥವಾ ಡಿಲ್ಟಿಯಾಜೆಮ್ ಈ ಬೀಟಾ ಬ್ಲಾಕರ್ ಜೊತೆಗೂಡಿದರೆ ನಾಡಿ ಅಪಾಯದ ಮಟ್ಟಕ್ಕೆ ಇಳಿಯಬಹುದು. ಖಿನ್ನತೆಗೆ ಕೊಡುವ ಪ್ಯಾರೊಕ್ಸೆಟಿನ್, ಫ್ಲುಆಕ್ಸೆಟಿನ್ ರಕ್ತದಲ್ಲಿ ಮೆಟೊಪ್ರೊಲಾಲ್ ಪ್ರಮಾಣವನ್ನು ಏರಿಸುತ್ತವೆ. ಬೀಟಾ ಬ್ಲಾಕರ್ ಜೊತೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಕುಸಿದಾಗ ಎದೆಬಡಿತ, ನಡುಕ ಗೊತ್ತಾಗದೆ ಹೋಗಬಹುದು; ಬೆವರು ಮಾತ್ರ ಎಚ್ಚರಿಸುತ್ತದೆ.

"ಹಾವು ಕಡದಾಗ ಗುಳಿಗಿ ಹೆಸರು ಯಾರಿಗೆ ನೆನಪಿರತೈತಿ?" ನನ್ನನ್ನು ಹೆಚ್ಚು ಕಾಡುವುದು ಇದೇ. ನಮ್ಮದು ಎರೆ ಹೊಲ, ರಾತ್ರಿ ನೀರು ಹಾಯಿಸುವ ಮಂದಿ. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ನಿಂದ ಕೆಲವರಿಗೆ ತೀವ್ರ ಅಲರ್ಜಿಯಾಗುತ್ತದೆ. ಆಗ ಜೀವ ಉಳಿಸುವುದು ಅಡ್ರಿನಲಿನ್. ಬೀಟಾ ಬ್ಲಾಕರ್ ತಡೆಯುವುದು ಅದೇ ಅಡ್ರಿನಲಿನ್‌ನ ಕೆಲಸವನ್ನು! ಅಂಥ ಹೊತ್ತಿನಲ್ಲಿ ವೈದ್ಯರು ಗ್ಲುಕಗಾನ್ ಕೊಡುವ ಯೋಚನೆ ಮಾಡಬೇಕಾಗುತ್ತದೆ, ಮಾಡಬೇಕಾದರೆ ಅವರಿಗೆ ಗುಳಿಗೆಯ ಸುದ್ದಿ ಗೊತ್ತಿರಬೇಕು. ಕಡಿಸಿಕೊಂಡವನಿಗೆ ನೆನಪಾಗದಿದ್ದರೆ ಕರೆದೊಯ್ದವರು ಹೇಳಲಿ. ಆದರೆ ಗುಳಿಗೆಯ ಹೆಸರು ಕೇಳುವ ನೆಪದಲ್ಲಿ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಮಾತ್ರ ಒಂದು ಗಳಿಗೆಯೂ ತಡವಾಗಬಾರದು.

"ಹಿಂಗ ಅಂಜಿಸಿದ್ರ ಮಂದಿ ಗುಳಿಗಿ ಬಿಟ್ಟಬಿಡತಾರ." ಈ ಮಾತಿಗೆ ತೂಕವಿದೆ. ಪ್ರೊಪ್ರನೊಲಾಲ್ ಎಂಬ ಬೀಟಾ ಬ್ಲಾಕರ್ ರೂಪಿಸಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರ ನೊಬೆಲ್ ಸುಮ್ಮನೆ ಬರಲಿಲ್ಲ. ಈ ಗುಳಿಗೆಗಳು ಎಷ್ಟೋ ಹೃದಯಗಳನ್ನು ಕಾಪಾಡಿವೆ. ಏಕಾಏಕಿ ಬಿಟ್ಟರೆ ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಆಗಬಹುದು. ಆದ್ದರಿಂದ ಯಾರೂ ತಾವಾಗಿ ಬಿಡಬೇಡಿ, ಕಡಿಮೆ ಮಾಡುವುದಿದ್ದರೆ ವೈದ್ಯರ ಮಾತಿನಂತೆ ಹಂತಹಂತವಾಗಿ ಮಾಡಿ. ನಾನು ಕೇಳುವುದು ಇಷ್ಟೇ: ನುಂಗುವ ಎಲ್ಲ ಗುಳಿಗೆಗಳ ಪಟ್ಟಿಯನ್ನು ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ, ಔಷಧಿ ಅಂಗಡಿಯಲ್ಲೂ ಅದನ್ನು ಮೊದಲು ತೋರಿಸಿ.