ಊರಿನ ಕೈಗೆ ಊರಿನ ಕಾಯಕ



ಮಲ್ಲೇಶ್ವರದ ನೆರೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರವನ್ನು ಆರಂಭಿಸಿದರು. ವಿಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಸಂಕಲ್ಪ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಮೊದಲು ಸಗಣಿ ಅನಿಲದಿಂದ ಅಡುಗೆಯ ಒಲೆ ಉರಿಸುವ ಯತ್ನ ನಡೆಯಿತು. ಊರಿನ ಸಗಣಿ ಅದಕ್ಕೆ ಸಾಲಲಿಲ್ಲ. ಜನ ಬಯಸಿದ್ದಾದರೋ ಕುಡಿಯುವ ನೀರನ್ನು. 1987ರಿಂದ ಅದೇ ಅನಿಲ ಡೀಸೆಲಿನೊಡನೆ ಸೇರಿ ಎಂಜಿನನ್ನು ನಡೆಸಿತು. ಕೊಳವೆ ಬಾವಿಯ ನೀರು ನಲ್ಲಿಗೆ ಬಂದಿತು, ಮನೆಗಳಲ್ಲಿ ದೀಪ ಬೆಳಗಿತು. ಸಗಣಿ ತಂದವರಿಗೆ ಹಣವೂ ಸಂದಿತು, ಗೊಬ್ಬರವೂ ಮರಳಿತು. ಯಂತ್ರವನ್ನು ನಡೆಸಿದವರು ತರಬೇತಿ ಪಡೆದ ಆ ಊರಿನ ತರುಣರೇ.

ಸುಮಾರು ಒಂದು ದಶಕ ನಡೆದು ಆ ಸ್ಥಾವರ ನಿಂತಿತು. ಆದರೆ ಅದೇ ಕೇಂದ್ರದ ‘ಅಸ್ತ್ರ ಒಲೆ’ಯು ಕಟ್ಟಲು ಕಲಿತವರ ಕೈಯಿಂದ ರಾಜ್ಯದ ಅನೇಕ ಹಳ್ಳಿಗಳ ಅಡುಗೆಮನೆಯನ್ನು ಸೇರಿತು. ಸ್ಥಾವರ ಜಂಗಮಗಳ ಭೇದ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಾಮರಾಜಪೇಟೆ, ಬಸವನಗುಡಿಗಳಲ್ಲಿ ನೆಲೆಸಿದ ನಮ್ಮವರು ಹುಟ್ಟೂರಿಗೆ ಸಮುದಾಯ ಭವನ, ಮಹಾದ್ವಾರಗಳನ್ನು ಕಟ್ಟಿಸಿಕೊಡುವುದುಂಟು. ಅದು ಪುಣ್ಯಕಾರ್ಯವೇ ಸರಿ. ಆದರೆ ಭವನದ ಪಂಪು ಕೆಟ್ಟರೆ ಪಟ್ಟಣಕ್ಕೆ ಓಡಬೇಕಾದ ಸ್ಥಿತಿ ಉಳಿದಲ್ಲಿ ದಾಸೋಹ ಅರ್ಧವಾದಂತೆಯೇ. ಏನು ಬೇಕೆಂದು ಮೊದಲು ಊರನ್ನೇ ಕೇಳೋಣ. ಬಳಿಕ ಕಾಣಿಕೆಯ ಒಂದು ಪಾಲನ್ನು ಅಲ್ಲಿಯ ಇಬ್ಬರು ಮಕ್ಕಳ ತರಬೇತಿಗೂ, ಕಲಿತ ಮೇಲೆ ಅವರಿಗೆ ಸಲ್ಲಬೇಕಾದ ವೇತನಕ್ಕೂ ಮೀಸಲಿಡೋಣ. ಕಾಯಕಕ್ಕೆ ಕೂಲಿ ಸಲ್ಲದ ಊರಿನಲ್ಲಿ ಕಲಿತವನು ನಿಲ್ಲಲಾರನು.