ಕಪಾಲಿ ಹೋಯಿತು, ಫುಟ್‌ಪಾತಿನವರು ಎಲ್ಲಿಗೆ ಹೋದರು?

ಮೆಜೆಸ್ಟಿಕ್ ಕಡೆ ಹೋದಾಗಲೆಲ್ಲ ಸುಬೇದಾರ್ ಛತ್ರಂ ರಸ್ತೆಯ ಒಂದು ಜಾಗದಲ್ಲಿ ಅಬ್ಬಾನ ನಡಿಗೆ ನಿಧಾನವಾಗುತ್ತದೆ. ಮೊದಲು ಅಲ್ಲಿ ಕಪಾಲಿ ಚಿತ್ರಮಂದಿರವಿತ್ತು, ಈಗ ಮಾಲ್ ಎದ್ದಿದೆ. ಅಬ್ಬಾ ನೋಡುವುದು ಆ ಕಟ್ಟಡವನ್ನಲ್ಲ, ಅದರ ಮುಂದಿನ ಫುಟ್‌ಪಾತನ್ನು. ಅಲ್ಲೇ ಅವರು ತಳ್ಳುಗಾಡಿ ನಿಲ್ಲಿಸಿಕೊಂಡು ಹುರಿದ ಕಡಲೆಕಾಯಿ ಮಾರುತ್ತಿದ್ದರು.

ಕಪಾಲಿ ಶುರುವಾದದ್ದು 1968ರಲ್ಲಿ. ಅದರ ಅಗಲವಾದ ಸಿನೆರಾಮಾ ಪರದೆಯ ಬಗ್ಗೆ ಹಿರಿಯರು ಈಗಲೂ ಮಾತಾಡುತ್ತಾರೆ. ಬಸ್ ನಿಲ್ದಾಣ, ರೈಲು ನಿಲ್ದಾಣ ಎರಡೂ ಹತ್ತಿರ. ಸುತ್ತಲೂ ಸಾಗರ್, ತ್ರಿಭುವನ್, ಕೈಲಾಶ್ ಎಂದು ಸಾಲುಸಾಲು ಚಿತ್ರಮಂದಿರಗಳು. ಇವತ್ತು ಅವುಗಳಲ್ಲಿ ಹೆಚ್ಚಿನವು ಇಲ್ಲ. 'ಮೆಜೆಸ್ಟಿಕ್' ಎನ್ನುವುದೂ ಒಂದು ಚಿತ್ರಮಂದಿರದ ಹೆಸರೇ. ಅದು ಹೋಗಿ ಬಸ್ಸಿನ ಬೋರ್ಡಿನ ಮೇಲೆ ಹೆಸರಷ್ಟೇ ಉಳಿದಿದೆ.

ಭಾನುವಾರ ನಾನೂ ಗಾಡಿಯ ಹತ್ತಿರ ಹೋಗುತ್ತಿದ್ದೆ. ಪೇಪರ್ ಸುತ್ತಿ ಪೊಟ್ಟಣ ಮಾಡಿಕೊಡುವುದು ನನ್ನ ಕೆಲಸ. ದಾದಿಗೆ ಸಿನಿಮಾ ಎಂದರೆ ಆಗುತ್ತಿರಲಿಲ್ಲ. "ಕಡಲೆಕಾಯಿ ಮಾರು, ಒಳಗೆ ಮಾತ್ರ ಹೋಗಬೇಡ" ಎಂದು ಹೇಳಿಯೇ ಕಳಿಸುತ್ತಿದ್ದರು. ಮ್ಯಾಟಿನಿ ಬಿಟ್ಟ ಮೇಲೆ ಪಕ್ಕದ ಹೂವಿನ ಅಕ್ಕನಿಗೆ ಗಾಡಿ ನೋಡಿಕೊಳ್ಳಲು ಹೇಳಿ ಅಬ್ಬಾ ನಮಾಜಿಗೆ ಹೋಗಿ ಬರುತ್ತಿದ್ದರು. ಅಷ್ಟರಲ್ಲಿ ಗಿರಾಕಿ ಬಂದರೆ ಆ ಅಕ್ಕನೇ ಪೊಟ್ಟಣ ಕಟ್ಟಿ, ದುಡ್ಡನ್ನು ಗೋಣಿಚೀಲದ ಕೆಳಗೆ ಇಡುತ್ತಿದ್ದರು. ಒಂದು ದಿನವೂ ಲೆಕ್ಕ ತಪ್ಪಲಿಲ್ಲ.

ಈ ವಿಷಯ ತರಗತಿಯಲ್ಲಿ ಬಂದಾಗ ಗೆಳೆಯನೊಬ್ಬ, "ಹಳೇ ಟಾಕೀಸಿಗೆ ಯಾಕೆ ಅಳುತ್ತೀಯಾ? ಮಾಲ್ ಸ್ವಚ್ಛವಾಗಿರುತ್ತದೆ, ಕೆಲಸವೂ ಸಿಗುತ್ತದೆ" ಎಂದ. ಅವನ ಮಾತಿನಲ್ಲಿ ನಿಜ ಇದೆ. ಹಳೇ ಸೀಟುಗಳಲ್ಲಿ ತಿಗಣೆ ಇತ್ತು ಎಂದು ಅಬ್ಬಾನೇ ನಗುತ್ತಾರೆ. ಆ ನೂಕುನುಗ್ಗಲಿಗೆ ಹೆದರಿ ಅಮ್ಮಿ ಒಂದು ದಿನವೂ ಆ ಕಡೆ ಬರಲಿಲ್ಲ. ಜನ ಕಡಿಮೆಯಾಗಿ, ಜಾಗದ ಬೆಲೆ ಏರಿದಾಗ ಮಾಲೀಕರು ಬೇರೆ ದಾರಿ ನೋಡಿಕೊಳ್ಳುವುದು ಸಹಜ. ಅದು ತಪ್ಪು ಎಂದು ನಾನು ಹೇಳುತ್ತಿಲ್ಲ.

ನನ್ನ ಪ್ರಶ್ನೆ ಬೇರೆ. ಕಟ್ಟಡ ಹೋದಾಗ ಮಾಲೀಕರಿಗೆ ಜಾಗದ ಬೆಲೆ ಸಿಕ್ಕಿತು. ಅದರ ಮುಂದೆ ಬದುಕು ಕಟ್ಟಿಕೊಂಡಿದ್ದ ಅಬ್ಬಾ, ಹೂವಿನ ಅಕ್ಕ, ಸೌತೆಕಾಯಿಯ ತಾತ ಇವರಿಗೆ ಏನು ಸಿಕ್ಕಿತು? ಬೀದಿ ವ್ಯಾಪಾರಿಗಳಿಗಾಗಿ 2014ರ ಕಾನೂನು ಇದೆ. ಅದರ ಪ್ರಕಾರ ವ್ಯಾಪಾರಿಗಳ ಸಮೀಕ್ಷೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಕ್ಕೆ 30 ದಿನಗಳ ನೋಟಿಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40ರಷ್ಟು ಮಂದಿ ವ್ಯಾಪಾರಿಗಳೇ ಇರಬೇಕು. ಆದರೆ ಅಬ್ಬಾನನ್ನು ಯಾರೂ ಎಬ್ಬಿಸಲಿಲ್ಲ. ಟಾಕೀಸು ಮುಚ್ಚಿತು, ಗಿರಾಕಿ ನಿಂತರು, ಅಷ್ಟೇ. ಗಿರಾಕಿಯೇ ಇಲ್ಲದ ಮೇಲೆ ಜಾಗದ ಹಕ್ಕು ಇಟ್ಟುಕೊಂಡು ಏನು ಮಾಡುವುದು?

ಹೊಸ ಮಲ್ಟಿಪ್ಲೆಕ್ಸಿನ ಮುಂದೆ ಗಾಡಿ ಇಟ್ಟರೂ ಹಳೆಯ ವ್ಯಾಪಾರ ಆಗದು. ಹೊರಗಿನ ತಿಂಡಿಯನ್ನು ಒಳಗೆ ಬಿಡದಿರುವ ಅಧಿಕಾರ ಚಿತ್ರಮಂದಿರದವರಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಕಡಲೆಕಾಯಿ ಪೊಟ್ಟಣ ಗೇಟಿನಲ್ಲೇ ನಿಲ್ಲುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಇದು. ದೊಡ್ಡ ಕಟ್ಟಡ ಕೆಡವಲು ಅನುಮತಿ ಕೊಡುವ ಮೊದಲೇ ಅದರ ಸುತ್ತ ದುಡಿಯುವವರನ್ನು ಎಣಿಸಬೇಕು. ಹೊಸ ಕಟ್ಟಡದ ನಕ್ಷೆಯಲ್ಲಿ ಕಾರಿಗೆ ಜಾಗ ತೋರಿಸುವ ಹಾಗೆ ಅವರಿಗೂ ನಾಲ್ಕು ಅಡಿ ತೋರಿಸಬೇಕು. ಇದಕ್ಕೆ ದೊಡ್ಡ ಹಣ ಬೇಡ, ಅವರು ಇದ್ದಾರೆ ಎಂದು ಒಪ್ಪಿಕೊಂಡರೆ ಸಾಕು.

ಅಬ್ಬಾ ಈಗ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಾರೆ. ನನ್ನ ಕಾಲೇಜು ಫೀಸು ತಡವಾದರೂ ಬರುತ್ತಿದೆ, ಅಲ್‌ಹಮ್ದುಲಿಲ್ಲಾಹ್. ಹೂವಿನ ಅಕ್ಕ ಎಲ್ಲಿದ್ದಾರೋ ನಮಗೆ ಗೊತ್ತಿಲ್ಲ. ಗೆಳೆಯರೇ, ನಮ್ಮಲ್ಲಿ ಎಷ್ಟೋ ಜನರ ಮನೆ ಇಂಥ ಗಾಡಿಗಳಿಂದಲೇ ನಡೆದಿದೆ. ಇವತ್ತು ಮನೆಗೆ ಹೋಗಿ, ಮೊದಲು ಎಲ್ಲಿ ವ್ಯಾಪಾರ ಮಾಡುತ್ತಿದ್ದಿರಿ ಎಂದು ಹಿರಿಯರನ್ನು ಕೇಳಿ, ಬರೆದಿಟ್ಟುಕೊಳ್ಳಿ. ಮುಂದೆ ಯಾರಾದರೂ ಎಣಿಸಲು ಬಂದರೆ ಆ ಪಟ್ಟಿ ನಮ್ಮ ಕೈಯಲ್ಲಿರಲಿ.