ಸ್ಟಿಕ್ಕೋ, ಬಾಕ್ಸೋ, ಡಿಶ್ಶೋ?

ಬೋನಸ್ ಹಣ ಕೈಗೆ ಬಂದ ವಾರ ನಮ್ಮ ಲೈನ್ ಮನೆಗಳಲ್ಲಿ ಒಂದೇ ಮಾತು: ಟಿವಿಗೆ ಸ್ಟಿಕ್ ತರೋಣವೇ, ಬಾಕ್ಸ್ ತರೋಣವೇ? ಕೂಲಿಯವರಿಗೆ ಇದೆಲ್ಲ ಏಕೆ ಎಂದು ಮೂಗು ಮುರಿಯುವವರೂ ಇದ್ದಾರೆ. ಅವರ ಮಾತನ್ನು ನಾವು ಒಪ್ಪುವುದಿಲ್ಲ. ದಿನವಿಡೀ ಎಲೆ ಕೊಯ್ದು ಬಂದವರು ಸಂಜೆ ಮಕ್ಕಳೊಡನೆ ಕುಳಿತು ತಮ್ಮ ಭಾಷೆಯಲ್ಲಿ ಒಂದು ಚಿತ್ರ ನೋಡುವುದು ದುಂದಲ್ಲ. ಆದರೆ ಬೆವರಿನ ಹಣ ಹೋಗುವ ದಾರಿಯನ್ನು ಮೊದಲೇ ನೋಡಿಕೊಳ್ಳಬೇಕು.

ಮೊದಲು ಟಿವಿಯ ಹಿಂಭಾಗ ನೋಡಿ. ಎಚ್‌ಡಿಎಂಐ ಎಂದು ಬರೆದ ಜಾಗ ಇಲ್ಲದಿದ್ದರೆ ಸ್ಟಿಕ್ ನೇರವಾಗಿ ಕೂರದು. ಸ್ಮಾರ್ಟ್ ಟಿವಿಯೇ ಆಗಿದ್ದು ಆಪ್‌ಗಳು ಸರಿಯಾಗಿ ಓಡುತ್ತಿದ್ದರೆ ಸ್ಟಿಕ್ ಬೇಡವೇ ಬೇಡ. ಟಿವಿ 4ಕೆ ಅಲ್ಲದಿದ್ದರೆ 4ಕೆ ಸ್ಟಿಕ್‌ಗೆ ಹೆಚ್ಚು ಹಣ ಕೊಡುವುದು ವ್ಯರ್ಥ.

2020ರಲ್ಲಿ ಹೊರಬಂದಾಗ ಮಿ ಟಿವಿ ಸ್ಟಿಕ್‌ಗೆ 2,799 ರೂಪಾಯಿ, ಫೈರ್ ಟಿವಿ ಸ್ಟಿಕ್ ಲೈಟ್‌ಗೆ 2,999, ಮಿ ಬಾಕ್ಸ್ 4ಕೆಗೆ 3,499 ಇತ್ತು. ಇವುಗಳ ನಡುವಿನ ಅಂತರ ದೊಡ್ಡದಲ್ಲ. ದೊಡ್ಡ ಖರ್ಚು ಇಂಟರ್‌ನೆಟ್ಟಿನದು. ಸ್ಟಿಕ್‌ಗೆ ಒಂದು ಸಲ ಕೊಟ್ಟರೆ ಮುಗಿಯಿತು, ರೀಚಾರ್ಜ್ ತಿಂಗಳು ತಿಂಗಳೂ ಬರುತ್ತದೆ. ನೆಟ್‌ಫ್ಲಿಕ್ಸ್ ಹೇಳುವ ಲೆಕ್ಕದಲ್ಲಿ ಸಾಧಾರಣ ಚಿತ್ರಕ್ಕೆ ಗಂಟೆಗೆ 1 ಜಿಬಿವರೆಗೆ, ಎಚ್‌ಡಿ ಚಿತ್ರಕ್ಕೆ 3 ಜಿಬಿವರೆಗೆ ಬೇಕು. ದಿನಕ್ಕೆ 1.5 ಜಿಬಿ ಇರುವ ಫೋನಿನಿಂದ ಟಿವಿ ನಡೆಸಿದರೆ ಎಚ್‌ಡಿಯಲ್ಲಿ ಅರ್ಧ ಗಂಟೆಗೇ ಮುಗಿಯಬಹುದು. ಆಮೇಲೆ ಮಗಳು ಪಾಠ ನೋಡುವುದು ಯಾವುದರಲ್ಲಿ? ಫೋನ್ ಅಪ್ಪನ ಜೇಬಿನಲ್ಲಿ ಹೊರಗೆ ಹೋದರೆ ಟಿವಿಯೂ ನಿಂತಂತೆಯೇ. ಆದ್ದರಿಂದ ಕೊಂಡವರು ಸೆಟ್ಟಿಂಗ್‌ನಲ್ಲಿ ಚಿತ್ರದ ಗುಣಮಟ್ಟವನ್ನು ಸಾಧಾರಣಕ್ಕೆ ಇಳಿಸಿಕೊಳ್ಳಬೇಕು.

ಸಂತೆಯಲ್ಲಿ ಹೆಸರಿಲ್ಲದ ಬಾಕ್ಸ್ ತೋರಿಸಿ, ಎಲ್ಲ ಚಾನೆಲ್ ಪುಕ್ಕಟೆ ಎನ್ನುವವರನ್ನು ನಂಬಬೇಡಿ. ಇಂಥ ಅಗ್ಗದ ಬಾಕ್ಸ್‌ಗಳಲ್ಲಿ ಕೆಲವು ಕಾರ್ಖಾನೆಯಿಂದಲೇ ಕಳ್ಳ ಪ್ರೋಗ್ರಾಂ ಹೊತ್ತು ಬರುತ್ತವೆ, ಮನೆಯ ಇಂಟರ್‌ನೆಟ್ಟನ್ನು ಅಪರಾಧಿಗಳು ಬಳಸಿಕೊಳ್ಳುತ್ತಾರೆ ಎಂದು 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಎಚ್ಚರಿಸಿತು. ಹಳೆಯ ಕ್ರೋಮ್‌ಕಾಸ್ಟ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವುದೂ ಬೇಡ. ಅದರ ತಯಾರಿಕೆ ನಿಲ್ಲಿಸುವುದಾಗಿ ಗೂಗಲ್ 2024ರಲ್ಲೇ ಹೇಳಿದೆ.

ಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದ ಲೈನ್‌ಗಳಿಗೆ ಸ್ಟಿಕ್ಕೂ ಬೇಡ, ಬಾಕ್ಸೂ ಬೇಡ. ಅಂಥವರಿಗೆ 2004ರಲ್ಲಿ ಶುರುವಾದ ದೂರದರ್ಶನದ ಫ್ರೀ ಡಿಶ್ ಇದೆ. ಡಿಶ್ ಮತ್ತು ಬಾಕ್ಸ್‌ಗೆ ಒಮ್ಮೆ ಹಣ ಕೊಟ್ಟರೆ ಆಯಿತು, ತಿಂಗಳ ಬಾಡಿಗೆ ಇಲ್ಲ. ಗಡಿಯಾಚೆ ಇರುವ ನಮಗೆ ಅದರಲ್ಲಿ ಕನ್ನಡದ ಚಂದನವೂ ಬರುತ್ತದೆ.

ನಮ್ಮ ಅಭಿಪ್ರಾಯ ಇಷ್ಟೇ. ಸಿಗ್ನಲ್ ಚೆನ್ನಾಗಿದ್ದರೆ ಹೆಸರಿರುವ ಕಂಪೆನಿಯ ಸಾದಾ ಸ್ಟಿಕ್ಕನ್ನು ಬಿಲ್ ಮತ್ತು ಗ್ಯಾರಂಟಿ ಸಹಿತ ಕೊಳ್ಳಿ. ಸಿಗ್ನಲ್ ಇಲ್ಲದಿದ್ದರೆ ಡಿಶ್ ಹಾಕಿಸಿ. ಕಂತಿನ ಸಾಲ ಮಾತ್ರ ಮಾಡಬೇಡಿ. ಕೊಳ್ಳುವ ಮೊದಲು, ಈಗಾಗಲೇ ಸ್ಟಿಕ್ ಇರುವ ಪಕ್ಕದ ಮನೆಯ ಅಕ್ಕನನ್ನು ತಿಂಗಳ ರೀಚಾರ್ಜ್ ಎಷ್ಟಾಗುತ್ತದೆಂದು ಕೇಳಿ. ಅಂಗಡಿಯವನು ಹೇಳದ ಲೆಕ್ಕವನ್ನು ಆಕೆ ಹೇಳುತ್ತಾಳೆ.